ಎಮ್ಮೆ ಮೂಸದ ಹುಲ್ಲು

ಹುಲ್ಲು ಕತ್ತರಿಸುವ ಪೆಟ್ರೋಲ್ ಮಷಿನ್ ಕೊಳ್ಳಬೇಕೆಂದು ವಿಚಾರಿಸಲು ನನ್ನ ಮನೆಗೆ ಈಗಲೂ ಜನ ಬರುತ್ತಾರೆ. ಯಾವ ಕಂಪನಿಯದು ಒಳ್ಳೆಯದು ಎಂದು ಮೊದಲು ಕೇಳುತ್ತಾರೆ. ಆಮೇಲೆ ಪೆಟ್ರೋಲ್ ಎಷ್ಟು ಕುಡಿಯುತ್ತದೆ, ದಾರ ಎಷ್ಟು ದಿನ ಬಾಳುತ್ತದೆ, ಸೊಂಟ ನೋಯುತ್ತದೆಯೇ ಎಂದು ಕೇಳುತ್ತಾರೆ. ಎಲ್ಲಕ್ಕೂ ಉತ್ತರ ಹೇಳಿ ಕೊನೆಗೆ ನಾನೂ ಒಂದು ಕೇಳುತ್ತೇನೆ. "ನಿಮ್ಮ ಮನ್ಯಾಗ ಎಮ್ಮಿ ಐತೇನು?" ಜನ ನಗುತ್ತಾರೆ. ಮುದುಕನಿಗೆ ಕಿವಿಯ ಜೊತೆ ತಲೆಯೂ ಹೋಗಿದೆ ಎಂದುಕೊಂಡು ಚಹಾ ಕುಡಿದು ಎದ್ದು ಹೋಗುತ್ತಾರೆ. ಆ ಪ್ರಶ್ನೆಯನ್ನು ಯಾಕೆ ಕೇಳುತ್ತೇನೆ ಎಂಬುದನ್ನು ಒಮ್ಮೆ ಬರೆದಿಟ್ಟರೆ ಬಂದವರಿಗೆಲ್ಲ ಅದೇ ಪುರಾಣ ಊದುವುದು ತಪ್ಪುತ್ತದೆ ಎಂದು ಕೂತಿದ್ದೇನೆ. ನನ್ನ ಅಕ್ಷರಗಳು ಸೊಟ್ಟಗಿವೆ. ಅದಕ್ಕೂ ಕಾರಣ ಮುಂದೆ ಬರುತ್ತದೆ.

ಚಿಕ್ಕೋಡಿಯ ಒಂದು ಶಿಕ್ಷಣ ಸಂಸ್ಥೆಯ ಆವರಣದಲ್ಲಿ ಮಾಲಿಯ ಕೆಲಸಕ್ಕೆ ಸೇರಿದಾಗ ನನ್ನ ಕೈಯಲ್ಲಿದ್ದದ್ದು ಕುಡಗೋಲು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಎರಡು ಶಾಲೆ, ಒಂದು ಕಾಲೇಜು, ನಡುವೆ ದೊಡ್ಡ ಬಯಲು, ಹಿಂದೆ ಕಾಂಪೌಂಡ್ ಗೋಡೆಯವರೆಗೆ ಹುಲ್ಲೇ ಹುಲ್ಲು. ನನಗಿಂತ ಮೊದಲಿದ್ದ ಮಾಲಿ ಕೆಲಸ ಒಪ್ಪಿಸುವ ದಿನ ಗೇಟಿನ ಕೀಲಿ, ನೀರಿನ ವಾಲ್ವು ಇವನ್ನೆಲ್ಲ ಬಿಟ್ಟು ನನ್ನನ್ನು ಸೀದಾ ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದ.

"ಪಗಾರದ್ದು ಆಫೀಸಿನವರ ಹೇಳತಾರ. ಹುಲ್ಲಿಂದು ನಾ ಹೇಳತೀನಿ ಕೇಳು. ಕೊಯ್ದಾಂವಂದ ಹುಲ್ಲು. ಅದನ್ನ ಯಾರೂ ಕೇಳೂದಿಲ್ಲ, ನೀನೂ ಯಾರಿಗೂ ಹೇಳೂದು ಬ್ಯಾಡ" ಎಂದ.

ಅದೇ ಆಗಿನ ಪದ್ಧತಿ. ಆವರಣ ಸ್ವಚ್ಛ ಆಗಬೇಕು, ಮಾಲಿಯ ಮನೆಯ ದನ ಬದುಕಬೇಕು. ಪಗಾರ ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ಮಳೆಗಾಲದಿಂದ ಸಂಕ್ರಾಂತಿಯವರೆಗೆ ನಮ್ಮ ಕೊಟ್ಟಿಗೆಯಲ್ಲಿ ಮೇವು ಹಾಕುವ ಗೋದಲಿ ಬರಿದಾಗುತ್ತಿರಲಿಲ್ಲ. ಬೆಳಿಗ್ಗೆ ನಾನು ಕೊಯ್ದು ಸಾಲು ಹಾಕುತ್ತಾ ಹೋಗುತ್ತಿದ್ದೆ, ನನ್ನ ಹೆಂಡತಿ ಕಸ್ತೂರಿ ಹಿಂದಿನಿಂದ ಬಂದು ಹೊರೆ ಕಟ್ಟುತ್ತಿದ್ದಳು. ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಹೊತ್ತಿಗೆ ಆಕೆ ಹೊರೆ ಹೊತ್ತುಕೊಂಡು ಗೇಟು ದಾಟಿರುತ್ತಿದ್ದಳು.

ಕಸ್ತೂರಿ ಸದಲಗಾದವಳು. ದೂಧಗಂಗಾ ದಂಡೆಯ ಆ ಕಡೆ ಹಾಲಿನ ಲೆಕ್ಕ ಗೊತ್ತಿಲ್ಲದ ಹೆಣ್ಣುಮಕ್ಕಳು ಸಿಗುವುದಿಲ್ಲ. ತವರಿನವರು ಆಕೆಗೆ ಕೊಟ್ಟ ಎಮ್ಮೆ ಚಂದ್ರಿ, ಹಣೆಯ ಮೇಲೆ ಬಿಳಿ ಮಚ್ಚೆ ಇದ್ದುದರಿಂದ ಆ ಹೆಸರು. ನನ್ನ ಪಗಾರ ಮನೆಯ ಬಾಡಿಗೆಗೆ ಸರಿಹೋಗುತ್ತಿತ್ತು. ಉಳಿದದ್ದೆಲ್ಲ, ಊಟ, ಬಟ್ಟೆ, ಬಂದ ಬೀಗರಿಗೆ ಮಾಡುವ ಸಿಹಿ, ಚಂದ್ರಿಯ ಕೆಚ್ಚಲಿನಿಂದ ಬರುತ್ತಿತ್ತು. ಮೇವು, ನೀರು, ಸಗಣಿ ಎಲ್ಲ ಕಸ್ತೂರಿ ನೋಡಿಕೊಂಡರೂ ಹಿಂಡುವವನು ನಾನು. ಅದೇನು ಋಣಾನುಬಂಧವೋ, ಕಸ್ತೂರಿ ಕೂತರೆ ಚಂದ್ರಿ ಹಾಲು ಇಳಿಸುತ್ತಿರಲಿಲ್ಲ. ನಾನು ಕೂತು ಹೆಬ್ಬೆರಳು ಊರಿದರೆ ಸಾಕು, ಚರಿಗೆಯ ತಳಕ್ಕೆ ಚರ್ರನೆ ಹಾಲು ಬೀಳುತ್ತಿತ್ತು. ಕಸ್ತೂರಿ ಬಾಗಿಲಲ್ಲಿ ನಿಂತು ಆ ಸದ್ದು ಕೇಳುತ್ತಾ, "ನಾ ಮೇವ ಹಾಕಾಕ, ನೀವ ಮುದ್ದ ಮಾಡಾಕ" ಎಂದು ಚೇಷ್ಟೆ ಮಾಡುತ್ತಿದ್ದಳು. ಆ ದಿನಗಳಲ್ಲಿ ನಾವು ಬಡವರು ಎಂದು ನನಗೆ ಅನಿಸಿದ್ದೇ ಇಲ್ಲ.

ಇದೆಲ್ಲ ಹಾಳಾದದ್ದು ಒಂದು ಮದುವೆಯಿಂದ. ನಮ್ಮ ಸಂಸ್ಥೆಯ ಆವರಣ ನೋಡಿಕೊಳ್ಳುವ ಮೇಲಧಿಕಾರಿ ದೇಸಾಯಿ ಸಾಹೇಬರು ಕೊಲ್ಲಾಪುರದ ಕಡೆ ಮದುವೆಗೆ ಹೋಗಿ ಅಲ್ಲಿನ ಮಂಗಲ ಕಾರ್ಯಾಲಯದ, ಅಂದರೆ ಕಲ್ಯಾಣ ಮಂಟಪದ, ಹುಲ್ಲುಹಾಸು ನೋಡಿ ಬಂದರು. ಮರುದಿನ ನನ್ನನ್ನು ಕರೆದು ಕಿಟಕಿಯಿಂದ ಬಯಲು ತೋರಿಸಿದರು.

"ಮಾರುತಿ, ಅಲ್ಲಿಯ ಹುಲ್ಲ ಹ್ಯಾಂಗಿತ್ತಂದ್ರ ಅದರ ಮ್ಯಾಲ ಮಲಗಬೇಕ ಅನಸ್ತಿತ್ತು. ನಿಂದ ನೋಡು, ಎಮ್ಮಿ ಮೇದ ಹೋದಂಗ ಐತಿ."

"ಎಮ್ಮಿ ಸಲುವಾಗೇ ಕೊಯ್ಯೂದಲ್ರಿ ಸಾಹೇಬ್ರ" ಎಂದೆ.

ಅದು ಅವರಿಗೆ ಸೇರಲಿಲ್ಲ. ಇನ್ನು ಮುಂದೆ ಮಷಿನ್‌ನಿಂದ ಹುಲ್ಲು ಹೊಡೆಯಬೇಕು, ಕುಡಗೋಲು ಆವರಣದಲ್ಲಿ ಕಾಣಬಾರದು ಎಂದರು. ಮಷಿನ್ ಸಂಸ್ಥೆ ಕೊಡಿಸುತ್ತದೆಯೇ ಎಂದು ಕೇಳಿದೆ. ನಕ್ಕರು.

"ನೀನ ತಗೋ ಮಾರಾಯಾ. ಇಲ್ಲೂ ಹೊಡಿ, ಹೊರಗ ನಾಕ ಕಡೆನೂ ಹೊಡಿ. ಎಷ್ಟ ದಿನ ಆಳಾಗಿ ಇರ್ತಿ, ಮಾಲಕ ಆಗು. ಮಷಿನ್ ಇದ್ದವರಿಗಷ್ಟ ಇನ್ನ ಇಲ್ಲಿ ಕೆಲಸ, ನೋಡಕೋ."

ಮಾಲಕ ಆಗು ಎಂಬ ಮಾತನ್ನು ಹೊಸಬರು ನೆನಪಿಡಬೇಕು. ಯಾರಾದರೂ ಹಾಗೆಂದರೆ ಅವರ ಖರ್ಚನ್ನು ನಿಮ್ಮ ಹೆಗಲಿಗೆ ದಾಟಿಸುತ್ತಿದ್ದಾರೆ ಎಂದು ತಿಳಿಯಬೇಕು. ನನಗೆ ಅಂದು ಅದು ಹೊಳೆಯಲಿಲ್ಲ. ಹೊಳೆದಿದ್ದರೂ ಮಾಡುವಂಥದ್ದೇನಿತ್ತು? ಮಾರಬಹುದಾದ ವಸ್ತು ಮನೆಯಲ್ಲಿ ಒಂದೇ ಇತ್ತು. ಅದು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ಮಲಗಿತ್ತು.

ಅಥಣಿ ಕಡೆಯ ಒಬ್ಬರು ಚಂದ್ರಿಯನ್ನು ಒಯ್ಯಲು ಟೆಂಪೊ ತಂದ ದಿನ ಕಸ್ತೂರಿ ಅಳಲಿಲ್ಲ. ಎಮ್ಮೆಯ ಹಣೆಗೆ ಅರಿಶಿನ ಹಚ್ಚಿ, ಹಗ್ಗವನ್ನು ತನ್ನ ಕೈಯಿಂದಲೇ ಬಿಚ್ಚಿ ಕೊಟ್ಟಳು. ಟೆಂಪೊ ಹೋದ ಮೇಲೆ ನನ್ನ ಕಡೆ ತಿರುಗಿದಳು. ನಾನೇ ಮೊದಲು ಮಾತಾಡಿದೆ.

"ಒಂದ ಮಳಿಗಾಲ ದಾಟಲಿ. ಮಷಿನ್ ದುಡಿತೈತಿ. ಹುಲ್ಲ ಹ್ಯಾಂಗೂ ನಮ್ಮದ. ಮತ್ತೊಂದ ಎಮ್ಮಿ ತರೋಣು."

"ಹುಲ್ಲ ನಮ್ಮದ ಅಂತ ಸಾಹೇಬ್ರ ಅಂದಾರೇನು?"

"ಅದನ್ನ್ಯಾಕ ಅನಬೇಕು? ಕೊಯ್ದಾಂವಂದ ಅಲ್ಲೇನು ಹುಲ್ಲು?"

"ಆತು. ನೀವ ಅಂದ ಮಾತು ನಾ ಮರಿಯಾಂಗಿಲ್ಲ" ಎಂದು ಒಳಗೆ ಹೋದಳು.

ಮಷಿನ್ ಬಂತು. ಉದ್ದ ಕೊಳವೆ, ಒಂದು ತುದಿಗೆ ಇಂಜಿನ್, ಇನ್ನೊಂದು ತುದಿಗೆ ನೈಲಾನ್ ದಾರ ಸುತ್ತಿದ ಗುಂಡು ತಲೆ. ಹೆಗಲಿಗೆ ಪಟ್ಟಿ ಹಾಕಿ ಹಗ್ಗ ಎಳೆದರೆ ಇಂಜಿನ್ ಹತ್ತಿಕೊಂಡು ದಾರ ಗಿರಗಿರ ತಿರುಗುತ್ತದೆ, ಸಿಕ್ಕ ಹುಲ್ಲನ್ನು ಚಚ್ಚಿ ಹಾಕುತ್ತದೆ. ಪೆಟ್ರೋಲಿಗೆ ಟೂ-ಟಿ ಎಂಬ ಇಂಜಿನ್ ಆಯಿಲ್ ಬೆರೆಸದೆ ಹಾಕಿದರೆ ಇಂಜಿನ್ ಸೀದು ಹೋಗುತ್ತದೆ, ಹೆಚ್ಚು ಬೆರೆಸಿದರೆ ಹೊಗೆಯಲ್ಲಿ ನೀವೇ ಸೀದು ಹೋಗುತ್ತೀರಿ. ಚಪ್ಪಲಿಯಲ್ಲಿ ಕೆಲಸ ಮಾಡಬಾರದು. ಬಾಯಿ ಮುಚ್ಚಿಕೊಂಡಿರಬೇಕು, ಯಾಕೆಂದರೆ ಹುಲ್ಲಿನಲ್ಲಿ ನಾಯಿ ಏನೇನು ಬಿಟ್ಟು ಹೋಗಿದೆಯೋ ಅದೆಲ್ಲ ಹಾರಿ ಮುಖಕ್ಕೇ ಬರುತ್ತದೆ. ಮೊದಲ ದಿನ ಮನೆಗೆ ಹೋದಾಗ ಕಸ್ತೂರಿ ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿ, "ಯಾರ ಬೇಕ್ರಿ ನಿಮಗ?" ಎಂದಳು. ಇಬ್ಬರೂ ನಕ್ಕೆವು. ಆ ಮಷಿನ್ ವಿಷಯಕ್ಕೆ ನಾವು ಜೊತೆಯಾಗಿ ನಕ್ಕದ್ದು ಬಹುಶಃ ಅದೊಂದೇ ಸಲ.

ಮಳೆಗಾಲ ಹಿಡಿದು ಹುಲ್ಲು ಮೊಣಕಾಲಿಗೆ ಬಂದಾಗ ಕಸ್ತೂರಿ ಸದಲಗಾಕ್ಕೆ ಹೋಗಿ ತಮ್ಮನ ಮನೆಯಿಂದ ಒಂದು ಎಮ್ಮೆಗರು ಹೊಡೆದುಕೊಂಡು ಬಂದಳು. ಸಾಕುವುದು ನಾವು, ಈದ ಮೇಲೆ ನೋಡಿಕೊಳ್ಳೋಣ ಎಂಬ ಒಪ್ಪಂದ. ನಾನು ಮಷಿನ್ ಹೊಡೆದು, ಉದುರಿದ ಹುಲ್ಲನ್ನು ಕಸಬರಿಗೆಯಿಂದ ಗುಡಿಸಿ, ಗೋಣಿಚೀಲಕ್ಕೆ ತುಂಬಿ ತಂದೆ. ಕುಡಗೋಲಿನ ಹುಲ್ಲು ಹೊರೆ ಕಟ್ಟಲು ಬರುತ್ತದೆ. ಇದು ಚಟ್ನಿ. ಗೋದಲಿಗೆ ಸುರಿದೆವು. ಎಮ್ಮೆಗರು ಬಂತು, ಮೂತಿ ಚಾಚಿತು, ಹತ್ತಿರ ತಂದದ್ದನ್ನು ಅರ್ಧದಲ್ಲೇ ಹಿಂದಕ್ಕೆ ಎಳೆದುಕೊಂಡು ಫೂ ಎಂದು ಸೀನಿ ಮುಖ ತಿರುಗಿಸಿತು. ಸರಿಯಾಗಿ ಮೂಸಲೂ ಇಲ್ಲ.

ಕಸ್ತೂರಿ ಒಂದು ಹಿಡಿ ತೆಗೆದು ತಾನೇ ಮೂಸಿದಳು. ನಂತರ ನನ್ನ ಮುಂದೆ ಹಿಡಿದಳು.

"ಪೆಟ್ರೋಲ್ ವಾಸನಿ. ಮಣ್ಣ ಐತಿ, ನಾಯಿ ಹೊಲಸ ಐತಿ. ಇದನ್ನ ನೀವ ತಿನ್ರಿ."

ಮಾರನೆಯ ದಿನ ಆಕೆ ಅದನ್ನು ತೊಳೆದಳು. ಮುಂದಿನ ದಿನ ಬೆಲ್ಲದ ನೀರು ಚಿಮುಕಿಸಿದಳು. ಕರು ಬೆಲ್ಲದ ನೀರು ನೆಕ್ಕಿ ಹುಲ್ಲು ಹಾಗೇ ಬಿಟ್ಟಿತು. ತೊಳೆಯುವಾಗ ಅವಳ ಕೈಗೆ ಕೆಂಪು ನೈಲಾನ್ ದಾರದ ತುಣುಕುಗಳು ಸಿಕ್ಕವು. ದಾರ ಸವೆದು ಮುರಿದು ಹುಲ್ಲಿನಲ್ಲೇ ಉಳಿಯುತ್ತದೆ, ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಹೊಟ್ಟೆಗೆ ಹೋದರೆ ದನ ಸಾಯುತ್ತದೆ. ಕಸ್ತೂರಿ ತುಣುಕುಗಳನ್ನು ನನ್ನ ಅಂಗೈಯಲ್ಲಿಟ್ಟು ಮರುದಿನವೇ ಕರುವನ್ನು ಸದಲಗಾಕ್ಕೆ ಬಿಟ್ಟು ಬಂದಳು. ತವರಿನಲ್ಲಿ ಆಕೆ ಏನು ಹೇಳಿದಳೋ ನಾನು ಕೇಳಲಿಲ್ಲ. ಎಮ್ಮೆ ಮಾರಿ ತಂದ ಮಷಿನ್ ಎಮ್ಮೆಯ ಮೇವನ್ನೂ ನುಂಗಿತು ಎಂಬುದು ನನ್ನ ತಲೆಗೆ ಹೋಗಲು ಒಂದು ಎಳೆ ಕರು ಸೀನಬೇಕಾಯಿತು.

ಮಷಿನ್ ಬಲ್ಲವರು ಇಲ್ಲಿ ನನ್ನನ್ನು ತಡೆದು, ದಾರದ ಬದಲು ಬ್ಲೇಡ್ ಹಾಕಬಹುದಿತ್ತಲ್ಲ, ಹುಲ್ಲು ಇಡಿಯಾಗಿ ಬೀಳುತ್ತದಲ್ಲ ಎನ್ನುತ್ತಾರೆ. ಹೌದು, ಹಾಕಿ ನೋಡಿದೆ. ಹೊಲದಲ್ಲಾದರೆ ಸರಿ. ಆವರಣದಲ್ಲಿ ಹುಲ್ಲಿನ ನಡುವೆ ಕಲ್ಲು, ಪೈಪು, ಕಟ್ಟೆಯ ಅಂಚು. ಬ್ಲೇಡ್ ಪೈಪಿಗೆ ಬಡಿದು ನೀರು ಚಿಮ್ಮಿತು. ಜೊತೆಗೆ ಕೂಳೆ ಉಳಿಯುತ್ತದೆ, ಸಾಹೇಬರಿಗೆ ಮದುವೆ ಕಾರ್ಯಾಲಯದ ನುಣುಪು ಬೇಕು. ಬ್ಲೇಡ್ ಬಂದ್ ಎಂದರು. ಹಾಗಾದರೆ ಹಿಂದಿನ ಗೋಡೆಯ ಬದಿಗೆ, ಯಾರೂ ಹೋಗದ ಕಡೆ, ಒಂದು ಪಟ್ಟಿ ಕುಡಗೋಲಿಗೆ ಬಿಡಿ ಎಂದು ಕೇಳಿದೆ. ನಿಂತುಕೊಂಡು ಕೈಮುಗಿದು ಕೇಳಿದೆ.

"ಮಷಿನ್ ಮಾಲಕ ಆಗಿ ಮತ್ತ ಹುಲ್ಲಿನ ಹೊರಿ ಹೊರತಿ ಏನು? ನಾಕ ಮಂದಿ ನೋಡಿದ್ರ ಸಂಸ್ಥೆದ ಮಾನ ಏನ ಉಳಿತೈತಿ?" ಎಂದರು ದೇಸಾಯಿ ಸಾಹೇಬರು.

ಸಂಸ್ಥೆಯ ಮಾನ ಅಷ್ಟೊಂದು ಹಗುರ ಎಂದು ನನಗೆ ಅಂದೇ ಗೊತ್ತಾದದ್ದು. ಒಂದು ಹೊರೆ ಹುಲ್ಲಿಗೆ ಹಾರಿ ಹೋಗುತ್ತಿತ್ತು. ಆ ಪಟ್ಟಿಯನ್ನೂ ಹೊಡೆದೆ. ಗುಡಿಸಿದ ಹುಲ್ಲಿಗೆ ಸಂಸ್ಥೆಯ ಹಿಂದೆಯೇ ಬೆಂಕಿ ಹಚ್ಚುತ್ತಿದ್ದರು. ಹಸಿ ಹುಲ್ಲಿನ ಹೊಗೆ ನಮ್ಮ ಮನೆಯ ತನಕ ಬರುತ್ತಿತ್ತು, ಕಸ್ತೂರಿ ಕಿಟಕಿ ಮುಚ್ಚುತ್ತಿದ್ದಳು. ಮನೆಗೆ ಹಾಲು ಪ್ಯಾಕೆಟ್ಟಿನಲ್ಲಿ ಬರತೊಡಗಿತು. ಆಕೆ ಅದನ್ನು ಕಾಯಿಸುವಾಗ ಹಾಲು ಎಂದು ಹೇಳುತ್ತಿರಲಿಲ್ಲ, "ಅದ" ಎನ್ನುತ್ತಿದ್ದಳು. "ಅದ ಉಕ್ಕತೈತಿ ನೋಡ್ರಿ."

ಎಮ್ಮೆ ತರಬೇಕಾದರೆ ಮೇವು ಕೊಂಡು ಹಾಕುವಷ್ಟು ದುಡಿಯಬೇಕು ಎಂದು ಹೊರಗಿನ ಕೆಲಸ ಹಿಡಿದೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಕರೆದರೂ ಮಷಿನ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಪೆಟ್ರೋಲ್ ವಾಸನೆಗೆ ಕಂಡಕ್ಟರುಗಳು ಬೈಯುತ್ತಿದ್ದರು.

ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರದ ಒಬ್ಬ ಸೇಠರ ಬಂಗಲೆ ಇತ್ತು. ಅಂಗಳದಲ್ಲಿ ತೂಗುಮಂಚದ ಮೇಲೆ ಕೂತು ಅವರು ಕೆಲಸ ನೋಡುತ್ತಿದ್ದರು. ಕಲ್ಲಂಚಿಗೆ ತಾಗಿ ನನ್ನ ದಾರ ಮತ್ತೆ ಮತ್ತೆ ಹರಿಯುತ್ತಿತ್ತು.

"ಅರೆ, ಹಾ ದೋರಾ ಕಾಯ್ ಕಾಮಾಚಾ? ಗಾಡಿದ ಕ್ಲಚ್ ವಾಯರ್ ಹಾಕ್ರಿ, ವರ್ಷಗಟ್ಲೆ ಬರತೈತಿ" ಎಂದು, ಈ ದಾರ ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ಮರಾಠಿಯಲ್ಲಿ ಸೇರಿಸಿ ಹಂಗಿಸಿದರು.

ನಾನು ಒಪ್ಪಲಿಲ್ಲ. ತಂತಿ ತುಂಡಾದರೆ ಗುಂಡಿನ ಹಾಗೆ ಹೋಗುತ್ತದೆ ಎಂದೆ. ಅವರಿಗೆ ನಾನು ಸೋಮಾರಿತನಕ್ಕೆ ನೆಪ ಹೇಳುತ್ತಿದ್ದೇನೆ ಅನಿಸಿತು. ನಾನು ಊಟಕ್ಕೆ ಕೂತಾಗ ತಮ್ಮ ಡ್ರೈವರನ ಕೈಯಿಂದ ತಂತಿ ಹಾಕಿಸಿ ಮಷಿನ್ ಚಾಲೂ ಮಾಡಿಸಿದರು. ಪುಣ್ಯಕ್ಕೆ ಫೋನು ಬಂತೆಂದು ತೂಗುಮಂಚದಿಂದ ಎದ್ದು ಒಳಗೆ ಹೋದರು. ತಂತಿ ತುಂಡಾಗಿ ಅವರು ಕೂತಿದ್ದ ಜಾಗದ ಒರಗುದಿಂಬನ್ನು ತೂರಿ ಹಿಂದಿನ ಬಾಗಿಲಲ್ಲಿ ನಾಟಿಕೊಂಡಿತು. ಸೇಠರು ಹೊರಗೆ ಬಂದು ದಿಂಬಿನ ಹತ್ತಿ ನೋಡಿದರು, ಬಾಗಿಲು ನೋಡಿದರು, ಕೊನೆಗೆ ನನ್ನನ್ನು ನೋಡಿ, "ನಿಮ್ಮ ಮಷಿನ್ ಬರೋಬರ್ ಇಲ್ಲ" ಎಂದರು. ಹೊಸಬರು ಇದೊಂದನ್ನಾದರೂ ಕಲಿಯಿರಿ. ಯಾರು ಹೇಳಿದರೂ ತಂತಿ ಹಾಕಬೇಡಿ, ನಿಮ್ಮ ಮಷಿನ್ನನ್ನು ಬೇರೆಯವರ ಕೈಗೆ ಕೊಡಬೇಡಿ.

ರಾಯಬಾಗದ ಒಂದು ಕಚೇರಿಯವರು ಮೇಲಿನ ಸಾಹೇಬರು ಬರುತ್ತಾರೆಂದು ಅವಸರದಲ್ಲಿ ಕರೆಸಿದರು. ಮಳೆಯಲ್ಲೇ ಹೊಡೆಸಿದರು. ಒದ್ದೆ ಹುಲ್ಲು ದಾರದ ಗುಂಡು ತಲೆಗೆ ಸುತ್ತಿಕೊಂಡು ಮಷಿನ್ ಹೆಜ್ಜೆ ಹೆಜ್ಜೆಗೂ ಗಕ್ಕನೆ ನಿಲ್ಲುತ್ತಿತ್ತು. ಸಾಹೇಬರು ಬರಲಿಲ್ಲ. ಮುಂದಿನ ಸಲ ಅವರು ಬರುವಷ್ಟರಲ್ಲಿ ಹುಲ್ಲು ಮತ್ತೆ ಬೆಳೆದಿತ್ತು, ಮತ್ತೆ ಕರೆಸಿದರು. ಇದು ಈ ಕೆಲಸದ ಸ್ವಭಾವ. ಯಾರ ಕಣ್ಣಿಗಾಗಿಯೋ ಹೊಡೆಯುತ್ತೀರಿ, ಆ ಕಣ್ಣು ನೋಡುವುದೇ ಇಲ್ಲ. ಕುಡಗೋಲಿನಿಂದ ಕೊಯ್ಯುವಾಗ ಹಾಗಿರಲಿಲ್ಲ, ಕೊಯ್ದದ್ದು ಸಂಜೆಗೆ ಹಾಲಾಗುತ್ತಿತ್ತು.

ಯಾವಾಗ ಶುರುವಾಯಿತೋ ಹೇಳಲಾರೆ, ಚಳಿಗಾಲದ ಬೆಳಿಗ್ಗೆ ನನ್ನ ಬೆರಳುಗಳು ಬೆಳ್ಳಗೆ ಸುಣ್ಣದಂತಾಗತೊಡಗಿದವು. ಮಷಿನ್ ಆಫ್ ಮಾಡಿದ ಮೇಲೂ ಅಂಗೈಯಲ್ಲಿ ಅದು ನಡೆಯುತ್ತಲೇ ಇರುತ್ತಿತ್ತು. ಚಹಾದ ಕಪ್ಪು ಜಾರುತ್ತಿತ್ತು. ಎಡಕಿವಿಯಲ್ಲಿ ಜೀರುಂಡೆ ಕೂತಂತೆ ಒಂದೇ ಸಮನೆ ಸದ್ದು, ಕಸ್ತೂರಿ ಒಳಗಿನಿಂದ ಕರೆದರೆ ಕೇಳಿಸುತ್ತಿರಲಿಲ್ಲ. ಒಂದು ಜೊತೆ ದಪ್ಪ ಕೈಗವಸು, ಕಿವಿಗೆ ಹಾಕುವ ಮುಚ್ಚಳ ಕೊಡಿಸಿ ಎಂದು ದೇಸಾಯಿ ಸಾಹೇಬರನ್ನು ಕೇಳಿದೆ.

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ಮಷಿನ್ ನಿಂದು, ಕೈನೂ ನಿಂದು. ಸಂಸ್ಥೆಗೇನ ಸಂಬಂಧ?"

ನಾನು ಆಳಾಗಿದ್ದಾಗ ಕುಡಗೋಲು ತಾಗಿದರೆ ಅದೇ ಆಫೀಸಿನಿಂದ ಪಟ್ಟಿ ಕಟ್ಟಿ ಚಹಾ ಕೊಟ್ಟು ಕಳಿಸುತ್ತಿದ್ದರು. ಮಾಲಕನಾದ ಮೇಲೆ ನನ್ನ ಬೆರಳುಗಳಿಗೂ ನಾನೇ ಮಾಲಕ. ಆ ಮಾತು ಹೇಳಿದವರು ಈಗ ನಿವೃತ್ತರಾಗಿ ಸುಖವಾಗಿದ್ದಾರೆ, ಸಂಜೆ ವಾಕಿಂಗಿನಲ್ಲಿ ಸಿಗುತ್ತಾರೆ, ನಗುತ್ತಾ ಏನೋ ಕೇಳುತ್ತಾರೆ. ನನಗೆ ಕೇಳಿಸುವುದಿಲ್ಲ ಎಂದು ಕಿವಿ ತೋರಿಸಿ ಮುಂದೆ ಹೋಗುತ್ತೇನೆ. ಅವರಿಗಾಗಿ, ಇನ್ನೂ ಅಷ್ಟಿಷ್ಟು ಕೇಳುವ ಬಲಗಿವಿಯನ್ನು ಮುಂದೆ ತರುವ ಮನಸ್ಸು ನನಗಿಲ್ಲ.

ಈ ಕೆಲಸದಲ್ಲಿ ನನಗೆ ಸಿಕ್ಕ ಒಬ್ಬ ಮನುಷ್ಯನ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಶೇಡಬಾಳದ ಬಸದಿಯ ಆವರಣಕ್ಕೆ ಕರೆದಿದ್ದರು. ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ಇರುವ ಚಾತುರ್ಮಾಸಕ್ಕೆ ಜೈನ ಮುನಿಗಳು ಬಂದು ಉಳಿಯುವವರಿದ್ದರು. ಅವರು ಹಸಿರು ಹುಲ್ಲಿನ ಮೇಲೆ ಕಾಲಿಡುವುದಿಲ್ಲ, ಅದರಲ್ಲಿರುವ ಜೀವಕ್ಕೆ ನೋವಾಗುತ್ತದೆಂದು. ಚಾತುರ್ಮಾಸ ಕೂತ ಮೇಲೆ ಹುಲ್ಲು ಕತ್ತರಿಸುವಂತಿಲ್ಲ, ಆದ್ದರಿಂದ ಮೊದಲೇ ದಾರಿ ಬಿಡಿಸಬೇಕು. ಅಲ್ಲಿನ ವ್ಯವಸ್ಥೆ ನೋಡುತ್ತಿದ್ದವರು ನೇಮಣ್ಣ ಎಂಬ ಹಿರಿಯರು. ನಾನು ಹಗ್ಗ ಎಳೆಯಲು ಹೋದರೆ ತಡೆದರು. ಒಂದು ಉದ್ದ ಕೋಲು ಹಿಡಿದು ಹುಲ್ಲನ್ನು ಮೆಲ್ಲಗೆ ಸವರುತ್ತಾ ಮುಂದೆ ನಡೆದರು. ಕಪ್ಪೆ, ಮಿಡತೆ, ಓತಿಕ್ಯಾತ ಎಲ್ಲ ಬದಿಗೆ ಸರಿಯುವವರೆಗೆ ನಿಂತು, ನಂತರ ನನಗೆ ಕೈ ಮಾಡಿದರು. ಹೀಗೇ ಒಂದಿಷ್ಟು ಸವರುವುದು, ಒಂದಿಷ್ಟು ಹೊಡೆಯುವುದು. ಮೊದಲು ನನಗೆ ಬೇಸರವಾಯಿತು. ಬಸ್ಸು ತಪ್ಪುತ್ತದೆಂದು ಗೊಣಗಿಕೊಂಡೆ.

ದಾರಿ ಮುಗಿದ ಮೇಲೆ ಅವರು ಬಗ್ಗಿ ಹುಲ್ಲಿನ ಪುಡಿ ಮುಟ್ಟಿ ನೋಡಿದರು.

"ಇದನ್ನ ದನ ತಿಂತಾವೇನ್ರಿ?"

"ಇಲ್ರಿ. ಮೂಸೂದೂ ಇಲ್ಲ."

"ಹಂಗಾದ್ರ ಹಿತ್ತಲದ್ದು ಕುಡಗೋಲಿಂದ ಕೊಯ್ರಿ. ಹೊತ್ತಾದ್ರೂ ಚಿಂತಿಲ್ಲ. ದಾರಿದ್ದು ನಮಗ ಬೇಕಿತ್ತು. ಅದಕ್ಕ ದನದ ಬಾಯಾಗಿಂದ ಯಾಕ ಕಸಗೋಬೇಕು?"

ಈ ಒಂದು ಮಾತನ್ನು ಚಿಕ್ಕೋಡಿಯಲ್ಲಿ ಯಾರಾದರೂ ಆಡಿದ್ದರೆ ನನ್ನ ಮನೆಯ ಗೋದಲಿ ಬರಿದಾಗುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಹುಲ್ಲಿನ ಧೂಳು ಎಂದು ಒರೆಸಿಕೊಂಡೆ. ಅವರು ಮನೆಯಿಂದ ಕುಡಗೋಲು ತರಿಸಿದರು. ಎಷ್ಟೋ ವರ್ಷಗಳ ಮೇಲೆ ಹಿಡಿದದ್ದು. ಎಡಗೈಯಲ್ಲಿ ಹುಲ್ಲು ಹಿಡಿದೆ, ಬಲಗೈಯಲ್ಲಿ ಎಳೆದೆ. ಹಿಡಿಕೆ ಕೈಯಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ನೇಮಣ್ಣ ಓಡಿ ಬಂದು ನನ್ನ ಕೈ ಹಿಡಿದರು. ನೋಡಿದರೆ ಹುಲ್ಲೆಲ್ಲ ಕೆಂಪು. ಎಡಗೈ ಬೆರಳು ಸೀಳಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ತಮ್ಮ ವಸ್ತ್ರದ ಅಂಚು ಹರಿದು ಅವರೇ ಕಟ್ಟಿದರು. "ನೋವಿಲ್ಲೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. "ನೋವಿಲ್ಲಂದ್ರ ಛಲೋ ಅಲ್ರಿ" ಎಂದರು.

ನಿಪ್ಪಾಣಿಯ ಡಾಕ್ಟರು ಪರೀಕ್ಷೆ ಮಾಡಿ, ಮಷಿನ್ನಿನ ನಡುಕದಿಂದ ಕೈಯ ನರಗಳು ಸತ್ತಿವೆ, ಅದನ್ನು ಬಿಡಿ ಎಂದರು. ಬಿಟ್ಟು ಏನು ಹಿಡಿಯಲಿ ಎಂದು ಕೇಳಿದೆ. ಕುಡಗೋಲು ಹಿಡಿಯುವ ಕೈಯನ್ನು ಮಷಿನ್ ತಿಂದಿತ್ತು, ಇನ್ನು ಮಷಿನ್ ಒಂದೇ ನನ್ನ ಕೈಗೆ ಒಗ್ಗುತ್ತಿತ್ತು. ಅದನ್ನು ಹೆಗಲು ಹೊರುತ್ತದೆ, ಬೆರಳಿಗೆ ತಿಳಿಯಬೇಕಾದ್ದು ಏನೂ ಇಲ್ಲ. ಮತ್ತೆ ಬಸ್ಸು ಹತ್ತಿದೆ. ಕಸ್ತೂರಿ ಒಂದು ದಿನವೂ ಎಮ್ಮೆಯ ಮಾತು ಎತ್ತಲಿಲ್ಲ. ಅವಳು ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಕೊಟ್ಟಿಗೆಯನ್ನು ಮಾತ್ರ ದಿನಾ ಗುಡಿಸುತ್ತಿದ್ದಳು, ಅಲ್ಲಿ ಇದ್ದದ್ದು ನನ್ನ ಮಷಿನ್ ಮತ್ತು ಪೆಟ್ರೋಲ್ ಕ್ಯಾನು.

ನನ್ನ ನಿವೃತ್ತಿಯ ಕಥೆ ಸಣ್ಣದು. ದೇಸಾಯಿ ಸಾಹೇಬರು ಹೋಗಿ ಹೊಸ ಸಾಹೇಬರು ಬಂದರು. ಒಂದು ರಜೆ ಮುಗಿಸಿ ನಾನು ಗೇಟಿಗೆ ಹೋದಾಗ ಲಾರಿಗಳು ನಿಂತಿದ್ದವು. ಬಯಲಿನ ತುಂಬಾ ಸಿಮೆಂಟಿನ ಪೇವರ್ ಇಟ್ಟಿಗೆ ಹಾಸುತ್ತಿದ್ದರು. ಹಿಂದಿನ ಗೋಡೆಯವರೆಗೂ, ನಾನು ಕೈಮುಗಿದು ಕೇಳಿದ ಆ ಪಟ್ಟಿಯವರೆಗೂ. ಗೇಟಿನ ಹತ್ತಿರ ಬಂದವರು ಫೋಟೊ ತೆಗೆಸಿಕೊಳ್ಳಲೆಂದು ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಅಂಟಿಸಿದ್ದರು. ಹೊಸ ಸಾಹೇಬರು ಒಳ್ಳೆಯವರೇ, ನಗುತ್ತಾ ಬಂದರು.

"ಮಾರುತಿಯವರ, ಇನ್ನ ನಿಮಗೂ ಆರಾಮ ನಮಗೂ ಆರಾಮ. ಹುಲ್ಲಿನ ತ್ರಾಸ ಮುಗೀತು."

ಮಲಗಬೇಕು ಅನಿಸುವಂಥ ಹುಲ್ಲಿಗಾಗಿ ನನ್ನ ಎಮ್ಮೆ ಮಾರಿಸಿದರು. ಆ ಹುಲ್ಲಿನ ಮೇಲೆ ಯಾರೂ ಒಂದು ದಿನವೂ ಮಲಗಲಿಲ್ಲ. ಈಗ ಅಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲೂ ಆಗುವುದಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ವಯಸ್ಸಾಯಿತು, ಸಿಟ್ಟು ಬಿಡಿ ಎನ್ನುವವರಿಗೆ ನನ್ನ ಬೆರಳು ತೋರಿಸುತ್ತೇನೆ.

ಸಂಸ್ಥೆಯ ಕೆಲಸ ಹೋಯಿತು, ಹೊರಗಿನ ಕೆಲಸವನ್ನೂ ಬಿಟ್ಟೆ. ಕೈಯಲ್ಲಿ ಉಳಿದ ದುಡ್ಡಿನಲ್ಲಿ "ಎಮ್ಮಿ ತರೋಣು" ಎಂದು ನಾನೇ ಹೇಳಿದೆ. ಕಸ್ತೂರಿ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು. "ಮಳಿಗಾಲ ದಾಟಿತೇನ್ರಿ?" ಎಂದಳು. ಅಷ್ಟೇ ಅಂದದ್ದು. ಮರುದಿನ ಸದಲಗಾಕ್ಕೆ ಹೋಗಿ ತಾನೇ ಆರಿಸಿ ಈದ ಎಮ್ಮೆ ತಂದಳು. ಮೇವಿಗೆ ಅಕ್ಕಪಕ್ಕದ ಹೊಲಗಳ ಕಬ್ಬಿನ ಸೋಗೆ, ಕಾಲುವೆ ಬದಿಯ ಹುಲ್ಲು. ಕೊಯ್ಯುವವಳೂ ಅವಳೇ, ಹೊರುವವಳೂ ಅವಳೇ. ನಾನು ಜೊತೆಗೆ ಹೋದರೆ ಕುಡಗೋಲನ್ನು ನನಗೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.

ಎಮ್ಮೆ ಬಂದ ಸಂಜೆ ನನಗೆ ಚರಿಗೆ ಕೊಟ್ಟಳು. ಸೆರಗಿನಿಂದ ಒರೆಸಿ ಕೊಟ್ಟಳು. ನಾನು ಕೂತೆ, ಹೆಬ್ಬೆರಳು ಊರಿದೆ, ಎಳೆದೆ. ಮೊಲೆ ಕೈಯಲ್ಲಿದೆಯೋ ಜಾರಿದೆಯೋ ಬೆರಳಿಗೆ ಗೊತ್ತಾಗಲಿಲ್ಲ. ಹಾಲು ಬೀಳುತ್ತಿದೆಯೇ ಎಂದು ಕಿವಿಗೊಟ್ಟೆ, ಚರಿಗೆಯ ಸದ್ದೂ ಕೇಳಲಿಲ್ಲ. ತಲೆ ಬಗ್ಗಿಸಿ ಇಣುಕಿ ನೋಡಬೇಕಾಯಿತು. ಚರಿಗೆಯ ತಳ ಒದ್ದೆಯಾಗಿತ್ತು ಅಷ್ಟೇ, ಉಳಿದದ್ದು ನನ್ನ ಮೊಣಕಾಲಿನ ಮೇಲೆ ಸುರಿದಿತ್ತು. ಎಮ್ಮೆ ಪಾಪ ಸುಮ್ಮನೆ ನಿಂತಿತ್ತು. ಕಸ್ತೂರಿ ಬಂದು ಭುಜದ ಮೇಲೆ ಕೈ ಇಟ್ಟಳು. "ಏಳ್ರಿ. ಈಕಿ ನನಗೂ ಬಿಡತಾಳ" ಎಂದಳು. ಚೇಷ್ಟೆ ಮಾಡಲಿಲ್ಲ.

ಇತ್ತೀಚೆಗೆ ಮುಗಳಖೋಡದಿಂದ ಒಬ್ಬ ಬಂದ. ಶಂಕರ ಎಂದು ಹೆಸರು, ಮೂವತ್ತರ ಆಸುಪಾಸು, ಗಟ್ಟಿ ಆಳು. ಅಲ್ಲೊಂದು ಹೊಸ ಬಡಾವಣೆಯ ಸೈಟುಗಳ ಹುಲ್ಲು ಹೊಡೆಯುವ ಕೆಲಸ ಸಿಗುತ್ತದಂತೆ, ಆದರೆ ಸ್ವಂತ ಮಷಿನ್ ಇರಬೇಕಂತೆ. ನನ್ನ ಹಳೆಯ ಮಷಿನ್ ಕೇಳಲು ಬಂದಿದ್ದ. ಕೊಟ್ಟಿಗೆಯಲ್ಲಿ ಗೋಣಿಚೀಲ ಸರಿಸಿ ತೋರಿಸಿದೆ. ಹಿಂಡುವ ಹೊತ್ತು, ಕಸ್ತೂರಿ ಚರಿಗೆ ಹಿಡಿದು ಬಂದಳು. ಅವಳ ಮಣಿಕಟ್ಟು ಉಳುಕಿ ಬಟ್ಟೆ ಸುತ್ತಿಕೊಂಡಿದ್ದನ್ನು ನೋಡಿ ಶಂಕರ, "ತರ್ರಿ ಅಕ್ಕಾರ, ನಾ ಹಿಂಡತೀನಿ" ಎಂದು ತೋಳು ಮೇಲೆತ್ತಿ ಕೂತೇಬಿಟ್ಟ.

ಹೊಸಬನ ಕೈಗೆ ಎಮ್ಮೆ ಒದೆಯುತ್ತದೆ ಎಂದುಕೊಂಡೆ. ಒದೆಯಲಿಲ್ಲ. ಅವನ ಬೆರಳು ಮಡಚುವ ರೀತಿ ನೋಡಿದರೆ ಹುಟ್ಟಿದಾಗಿನಿಂದ ಹಿಂಡುತ್ತಿರುವ ಕೈ ಎಂದು ಗೊತ್ತಾಗುತ್ತಿತ್ತು. ಚರಿಗೆಯಲ್ಲಿ ನೊರೆ ಏರಿತು. ಸದ್ದು ನನಗೆ ಕೇಳದಿದ್ದರೂ ಕಸ್ತೂರಿಯ ಮುಖದಲ್ಲಿ ಕಾಣಿಸುತ್ತಿತ್ತು. ನಾನು ಎಂದಿನ ಪ್ರಶ್ನೆ ಕೇಳಿದೆ.

"ನಿಮ್ಮ ಮನ್ಯಾಗ ಎಮ್ಮಿ ಐತೇನು?"

ಅವನು ನಗಲಿಲ್ಲ. ತಲೆ ಬಗ್ಗಿಸಿ ಹಿಂಡುತ್ತಲೇ ಏನೋ ಹೇಳಿದ. ಕಸ್ತೂರಿ ನನ್ನ ಬಲಗಿವಿಗೆ ಬಾಯಿಟ್ಟು ಹೇಳಿದಳು.

"ಇತ್ತಂತ. ಮೊನ್ನಿ ಮಾರ್ಯಾನಂತ. ಆ ರೊಕ್ಕ ತಗೊಂಡ ಮಷಿನ್ನಿಗೆ ಬಂದಾನ."

ನಾನು ಎದ್ದು ಹೋಗಿ ಗೋಣಿಚೀಲವನ್ನು ಮತ್ತೆ ಮಷಿನ್ ಮೇಲೆ ಎಳೆದು ಮುಚ್ಚಿದೆ. "ಮೊದಲ ಹೋಗಿ ಎಮ್ಮಿ ಬಿಡಿಸಿಕೊಂಡ ಬಾ. ಮಷಿನ್ ಮಾತ ಆಮ್ಯಾಲ" ಎಂದೆ. ಯಾಕೆ ಎಂಬಂತೆ ನೋಡಿದ. ಈ ಪುಟಗಳಲ್ಲಿ ಬರೆದದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಕರು ಸೀನಿದ್ದು, ಪಟ್ಟಿ ಬಿಡದಿದ್ದುದು, ಕೆಂಪಾದ ಹುಲ್ಲು. ನನ್ನ ಎರಡೂ ಕೈಗಳನ್ನು ಅವನ ಮುಂದೆ ಹಿಡಿದೆ. ಅವನು ಪೂರ್ತಿ ಕೇಳಿದ. ತುಂಬಿದ ಚರಿಗೆಯನ್ನು ಕಸ್ತೂರಿಗೆ ಕೊಟ್ಟ, ಕೈ ತೊಳೆದುಕೊಂಡ. ನಂತರ ಬಾಗಿಲಲ್ಲಿ ನಿಂತು, ನನ್ನನ್ನಲ್ಲ, ಕಸ್ತೂರಿಯನ್ನು ನೋಡಿ ಮೆಲ್ಲಗೆ ಏನೋ ಒಂದು ಮಾತು ಹೇಳಿ, ಹೊಸ ಮಷಿನ್ ಮಾರುವ ಚಿಕ್ಕೋಡಿಯ ಅಂಗಡಿಗಳ ಕಡೆ ಹೊರಟ.

"ಏನಂದಾ?" ಎಂದು ಕೇಳಿದೆ. ಕಸ್ತೂರಿ ಚರಿಗೆ ಎತ್ತಿಕೊಂಡು ಒಳಗೆ ಹೋದಳು. ಅದನ್ನು ಆಕೆ ಇವತ್ತಿಗೂ ನನಗೆ ಹೇಳಿಲ್ಲ.